ಅಪ್ಪ ಓಡಿಸಿದ ಡೆಮೋ ಕಾರು

ಮೊನ್ನೆ ಭಾನುವಾರ ಕಾಂದಿವಲಿಯ ನಮ್ಮ ಮನೆಯಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು. ಹೂಡಿದವಳು ನನ್ನ ಮಗಳು ಮೈತ್ರಿ. ಹದಿಮೂರು ವರ್ಷ. ಕಾರು ಓಡಿಸುವ ಒಂದು ವಿಡಿಯೋ ಗೇಮಿಗಾಗಿ ಅವಳು ಆರು ತಿಂಗಳಿಂದ ಕಾದಿದ್ದಳು. ಆಟ ಬರುವ ಮೊದಲೇ ಅದರ ಡೆಮೋ ಬಂದಿತ್ತು. ಅದನ್ನು ಅವಳು ನೂರು ಸಲ ನೋಡಿ, ನನಗೂ ಹತ್ತು ಸಲ ತೋರಿಸಿದ್ದಳು. ಮಳೆ ನಿಂತ ರಸ್ತೆ, ರಸ್ತೆಯ ನೀರಿನಲ್ಲಿ ತಲೆಕೆಳಗಾಗಿ ಹೊಳೆಯುವ ಅಂಗಡಿ ದೀಪಗಳು, ಕಾರಿನ ಬಾನೆಟ್ಟಿನ ಮೇಲೆ ಜಾರುವ ಮೋಡ. ಕೊನೆಗೊಮ್ಮೆ ಆಟ ಬಂತು. ಅದರಲ್ಲಿ ರಸ್ತೆ ಇತ್ತು, ಕಾರೂ ಇತ್ತು. ನೀರು ಮಾತ್ರ ಇರಲಿಲ್ಲ.

"ಪೂರಾ ಚೀಟಿಂಗ್ ಅಪ್ಪಾ," ಎಂದಳು. ಕೋಪ ಬಂದಾಗ ಅವಳ ಕನ್ನಡದೊಳಗೆ ಹಿಂದಿ ನುಗ್ಗುತ್ತದೆ. "ಡೆಮೋದಲ್ಲಿ ರೋಡ್ ಮೇಲೆ ಪಾನಿ ಇತ್ತು ನಾ, ಉಸ್‌ಮೆ ಲೈಟ್ ಕಾಣ್ತಿತ್ತು. ಗೇಮಲ್ಲಿ ಖಾಲಿ ಕಾಲಾ ರೋಡ್. ಯಾಕೆ ಹಂಗೆ ಮಾಡ್ತಾರೆ ಇವ್ರು?"

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಕಣೇ. ಬಾ, ಅನ್ನ ಆರ್ತಾ ಇದೆ," ಎಂದು ಅಡುಗೆಮನೆಯಿಂದ ನನ್ನ ಅಮ್ಮ ಕೂಗಿದರು.

ತಂದೆಯಾದವನು ಇಂಥ ಹೊತ್ತಿನಲ್ಲಿ ಸಮಾಧಾನದ ಎರಡು ಮಾತಾಡಬೇಕು. ನಾನು ನಕ್ಕುಬಿಟ್ಟೆ. ಅವಳು ಕಣ್ಣು ಕೆಂಪು ಮಾಡಿದಾಗ, "ಹಾಗಲ್ಲ ಪುಟ್ಟಾ, ಡೆಮೋ ನೋಡಿ ಮೋಸಹೋಗೋದು ನಮ್ಮ ವಂಶದಲ್ಲೇ ಬಂದಿದೆ. ನಿಮ್ಮ ತಾತನೂ ಹೀಗೇ ಮೋಸಹೋಗಿದ್ದರು," ಎಂದೆ.

"ಅವರೇನೂ ಮೋಸಹೋಗ್ಲಿಲ್ಲ," ಎಂದಿತು ಅಡುಗೆಮನೆ.

ಅಮ್ಮನ ಆ ಮಾತಿಗೆ ನಾನು ಆಗ ಕಿವಿಗೊಡಲಿಲ್ಲ. ಏಕೆಂದರೆ ಆ ಪ್ರಕರಣಕ್ಕೆ ಪ್ರತ್ಯಕ್ಷ ಸಾಕ್ಷಿ ನಾನೊಬ್ಬನೇ ಎಂಬ ಜಂಬ ನನಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತ್ತು.

ಡೆಮೋ ಎಂಬ ಪದವನ್ನು ನಾನು ಮೊದಲು ಕಲಿತದ್ದು ವಿಡಿಯೋ ಗೇಮಿನಿಂದಲ್ಲ, ಕ್ಯಾರೆಟ್ಟಿನಿಂದ. ಆಗ ನಾವು ಚೆಂಬೂರಿನಲ್ಲಿದ್ದೆವು. ಎಂಬತ್ತರ ದಶಕದ ಕೊನೆಯ ವರ್ಷಗಳು. ಸ್ಟೇಷನ್ನಿನ ಹೊರಗೆ ಒಬ್ಬ ಹಲಗೆ ಹಾಸಿಕೊಂಡು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಸಾಧನ ಮಾರುತ್ತಿದ್ದ. "ಡೆಮೋ ದೇಖೋ, ಬೆಹೆನ್‌ಜೀ, ಡೆಮೋ ದೇಖೋ!" ಎಂದು ಕೂಗುತ್ತ ಕ್ಯಾರೆಟ್ಟನ್ನು ಒಂದು ಸಲ ಸವರಿದರೆ ಹೂವು, ಇನ್ನೊಂದು ಸಲ ಸವರಿದರೆ ಜಾಲರಿ. ಅಮ್ಮ ಮೂರು ದಿನ ನಿಂತು ನೋಡಿ, ನಾಲ್ಕನೆಯ ದಿನ ಕೊಂಡರು. ಮನೆಯಲ್ಲಿ ಅವತ್ತು ಇದ್ದದ್ದು ಕುಂಬಳಕಾಯಿ. ಸಾಧನ ಅದರೊಳಗೆ ಅರ್ಧ ಇಳಿದು ಸಿಕ್ಕಿಕೊಂಡಿತು. ಹೊರಗೆ ಎಳೆಯಲು ಹೋಗಿ ಅಮ್ಮನ ಬೆರಳು ಕುಯ್ದಿತು. "ಅವನ ಕೈಲಿದ್ರೆ ಕ್ಯಾರೆಟ್ ಕುಯ್ಯುತ್ತೆ, ನಮ್ಮ ಕೈಗೆ ಬಂದ್ರೆ ನಮ್ಮನ್ನೇ ಕುಯ್ಯುತ್ತೆ," ಎಂದು ಅಮ್ಮ ಅರಿಶಿನ ಒತ್ತಿಕೊಂಡರು. ಡೆಮೋಗೂ ಅಸಲಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಎರಡನೆಯ ಪಾಠ ನನ್ನ ಸಹಪಾಠಿ ಸಂಜಯನ ಮನೆಯಲ್ಲಿ. ಅವನ ಚಿಕ್ಕಪ್ಪ ದುಬೈಯಿಂದ ಟೀವಿಗೆ ಜೋಡಿಸುವ ಗೇಮ್ ತಂದಿದ್ದರು. ಅದರ ಕ್ಯಾಸೆಟ್ ಡಬ್ಬದ ಮೇಲೆ ಏನು ಚಿತ್ರ ಅಂತೀರಿ! ಬೆಂಕಿ ಉಗುಳುವ ಡ್ರ್ಯಾಗನ್, ಕತ್ತಿ ಹಿರಿದ ವೀರ, ಬುರುಜಿನ ಮೇಲೆ ಕೂದಲು ಹಾರಿಸಿಕೊಂಡು ನಿಂತ ರಾಜಕುಮಾರಿ. ಕ್ಯಾಸೆಟ್ ಹಾಕಿದರೆ ಟೀವಿಯಲ್ಲಿ ಮೂರು ಚೌಕಗಳು ಬಂದವು. ಒಂದು ಹಸಿರು, ಎರಡು ಬಿಳಿ. ಹಸಿರು ಚೌಕ ಡ್ರ್ಯಾಗನ್ ಎಂಬುದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಎರಡು ಬಿಳಿಯದರಲ್ಲಿ ವೀರ ಯಾವುದು, ರಾಜಕುಮಾರಿ ಯಾವುದು ಎಂದು ಸಂಜಯನಿಗೂ ನನಗೂ ಜಗಳವಾಗಿ ಎರಡು ದಿನ ಮಾತು ಬಿಟ್ಟೆವು. ಆಮೇಲೆ ನಾವು ಡಬ್ಬವನ್ನು ಟೀವಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು, ಚಿತ್ರ ನೋಡುತ್ತ ಚೌಕ ಓಡಿಸುವುದನ್ನು ರೂಢಿ ಮಾಡಿಕೊಂಡೆವು.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ. ಅಪ್ಪ ಮೈಸೂರಿನವರು. ದಿನವೂ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದ, ದಾದರಿನಾಚೆಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಟ್ರೇಸಿಂಗ್ ಪೇಪರಿನ ಮೇಲೆ ಗೆರೆ ಎಳೆಯುವುದು ಅವರ ಕೆಲಸ. ಅವರು ಎಳೆದ ಗೆರೆಯನ್ನು ನೋಡಿದರೆ ಪೈಪಿಗೇ ನಾಚಿಕೆಯಾಗಬೇಕು, ಅಷ್ಟು ನೇರ. ಆದರೆ ಅಪ್ಪ ಬರೆದ ಹಾಗೆ ಯಾವ ಪೈಪೂ ಕೂರುತ್ತಿರಲಿಲ್ಲ. ನಡುವೆ ಒಂದು ಕಂಬ ಅಡ್ಡ ಬರುತ್ತಿತ್ತು, ಅಥವಾ ಸೈಟಿನವರು ತಮಗೆ ಅನುಕೂಲ ಕಂಡ ಕಡೆ ತಿರುಗಿಸಿಬಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಅಪ್ಪ ಹೋಗಿ, ನಿಜವಾಗಿ ಏನು ಕಟ್ಟಿದ್ದಾರೋ ಅದನ್ನು ನೋಡಿ ಇನ್ನೊಂದು ನಕ್ಷೆ ಬರೆಯಬೇಕು. ಅದಕ್ಕೆ 'ಆಸ್-ಬಿಲ್ಟ್' ನಕ್ಷೆ ಎನ್ನುತ್ತಾರೆ. ಅಂದುಕೊಂಡದ್ದು ಚುಕ್ಕಿಗೆರೆ, ಆದದ್ದು ತುಂಬುಗೆರೆ. "ಮೊದಲನೇ ನಕ್ಷೆ ಆಸೆ ಕಣೋ, ಎರಡನೇದು ಸಂಸಾರ," ಎಂದು ಅಪ್ಪ ಹೇಳುತ್ತಿದ್ದರು.

ನಕ್ಷೆಯ ಮೂಲೆಯಲ್ಲಿ ಒಂದು ಚೌಕಟ್ಟು ಇರುತ್ತಿತ್ತು. 'ಬರೆದವರು' ಎಂಬಲ್ಲಿ ಅಪ್ಪನ ಪುಟ್ಟ ಸಹಿ. 'ಪರಿಶೀಲಿಸಿದವರು' ಎಂಬಲ್ಲಿ ಯಾವನೋ ಇಂಜಿನಿಯರನ ದೊಡ್ಡ ಸಹಿ. ಆ ಎರಡನೆಯ ಖಾನೆಯ ಮೇಲೆ ಅಪ್ಪನಿಗೆ ಇಪ್ಪತ್ತು ವರ್ಷದ ಸಿಟ್ಟು. "ನೋಡದೇನೇ ಗೀಚಿ ಹೋಗ್ತಾರೆ. ಒಂದು ದಿನ, ಒಂದೇ ಒಂದು ದಿನ, ನಿಜವಾಗಿ ನೋಡಿ ಸಹಿ ಹಾಕೋರು ಸಿಕ್ಕಬೇಕು ನನಗೆ," ಎನ್ನುತ್ತಿದ್ದರು.

ಇಂಥ ಅಪ್ಪನಿಗೆ ಇದ್ದ ಒಂದೇ ಒಂದು ಗುಟ್ಟಿನ ಹೆಮ್ಮೆ ಎಂದರೆ ಡ್ರೈವಿಂಗ್ ಲೈಸೆನ್ಸು. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಸ್ನೇಹಿತನ ಜೀಪಿನಲ್ಲಿ ಕಲಿತು ಪಡೆದದ್ದು. ಮುಂಬಯಿಗೆ ಬಂದ ಮೇಲೆ ಅವರು ಸ್ಟಿಯರಿಂಗ್ ಮುಟ್ಟಿರಲಿಲ್ಲ. ಲೈಸೆನ್ಸನ್ನು ಮಾತ್ರ ಅವಧಿ ಮುಗಿಯುವ ಮೊದಲೇ, ರಜೆ ಹಾಕಿ ಹೋಗಿ, ಸಾಲಿನಲ್ಲಿ ನಿಂತು, ಶ್ರದ್ಧೆಯಿಂದ ರಿನ್ಯೂ ಮಾಡಿಸಿಕೊಂಡು ಬರುತ್ತಿದ್ದರು. ಪ್ರತಿಸಲ ಫೋಟೋದಲ್ಲಿ ಕೂದಲು ಕಡಿಮೆಯಾಗುತ್ತ ಬಂತೇ ಹೊರತು ಮುಖದ ಗತ್ತು ಕಡಿಮೆಯಾಗಲಿಲ್ಲ.

ಶನಿವಾರ ಸಂಜೆ ಅಪ್ಪ ನನ್ನನ್ನು ಸ್ಟೇಷನ್ ರಸ್ತೆಯ ಶೆಟ್ಟರ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಒಂದು ದಿನ ಬಾಗಿಲ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಒಂದು ಯಂತ್ರ ಬಂದು ನಿಂತಿತು. ಮುಖದ ಮಟ್ಟಕ್ಕೆ ಟೀವಿ ಪರದೆ, ಹೊಟ್ಟೆಯ ಮಟ್ಟಕ್ಕೆ ಸ್ಟಿಯರಿಂಗ್, ಕಾಲ ಬಳಿ ಒಂದು ಪೆಡಲ್. ಯಾರೋ ಗುತ್ತಿಗೆದಾರ ತಂದಿಟ್ಟದ್ದು. ಮೊದಮೊದಲು ಕಾಲೇಜು ಹುಡುಗರು ಮುತ್ತಿದರು. ಆಮೇಲೆ ಸ್ಟೇಷನ್ನಿನ ಆಚೆ ಹತ್ತು ಯಂತ್ರಗಳ ದೊಡ್ಡ ಪಾರ್ಲರ್ ತೆರೆದದ್ದೇ ಅವರೆಲ್ಲ ಅಲ್ಲಿಗೆ ಹಾರಿದರು. ನಾಣ್ಯ ಹಾಕುವ ಕಿಂಡಿಯ ಮುಂದೆ ಸೋಡಾ ಬಾಟಲಿಗಳ ಕ್ರೇಟು ಬಂದು ಕೂತಿತು. ಪರದೆಯ ಕೆಳಭಾಗಕ್ಕೆ ಶೆಟ್ಟರು 'ಇಂದಿನ ಸ್ಪೆಷಲ್' ಬೋರ್ಡನ್ನು ಒರಗಿಸಿದರು. ಹೀಗಾಗಿ ಯಂತ್ರ 'ಕಾಯಿನ್ ಹಾಕಿ, ಕಾಯಿನ್ ಹಾಕಿ' ಎಂದು ಮಿಣುಕುತ್ತಿದ್ದ ಜಾಗವೂ ಮುಚ್ಚಿಹೋಯಿತು, ಹಾಕುವ ಜಾಗವೂ ಮುಚ್ಚಿಹೋಯಿತು. ಇಷ್ಟೆಲ್ಲ ಆದ ಮೇಲೆ ಅಪ್ಪನ ಕಣ್ಣು ಅದರ ಮೇಲೆ ಬಿತ್ತು.

ಪರದೆಯಲ್ಲಿ ಕೆಂಪು ಕಾರೊಂದು ಓಡುತ್ತಿತ್ತು. ಬಲಗಡೆ ನೀಲಿ ಸಮುದ್ರ, ಎಡಗಡೆ ತಾಳೆಮರ, ಆಕಾಶದಲ್ಲಿ ಸಂಜೆಯ ಕಿತ್ತಳೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ನೋಡೋ, ರಸ್ತೆಯ ಎರಡು ಅಂಚೂ ದೂರದಲ್ಲಿ ಒಂದೇ ಬಿಂದುಗೆ ಹೋಗಿ ಸೇರ್ತಿವೆ. ಪರ್ಸ್‌ಪೆಕ್ಟಿವ್ ಎಲ್ಲೂ ತಪ್ಪಿಲ್ಲ. ಯಾವನೋ ನಮ್ಮ ಲೈನಿನವನೇ ಬರೆದಿದಾನೆ." ಹಾಗೆ ಹೇಳುತ್ತಲೇ ಅವರ ಕೈ ಸ್ಟಿಯರಿಂಗಿನ ಮೇಲೆ ಹೋಯಿತು. ಬಲಕ್ಕೆ ತಿರುವು ಬಂತು. ಅಪ್ಪ ಬಲಕ್ಕೆ ತಿರುಗಿಸಿದರು. ಕಾರು ಬಲಕ್ಕೆ ತಿರುಗಿತು.

ಆ ಕ್ಷಣದ ಅಪ್ಪನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವರು ನನ್ನನ್ನು ನೋಡಲಿಲ್ಲ, ಕಾಫಿ ಆರುತ್ತಿದ್ದದ್ದನ್ನೂ ನೋಡಲಿಲ್ಲ. ನಾನು ಅಪ್ಪ ಅಷ್ಟು ಸಂತೋಷವಾಗಿದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಎಡ ತಿರುವು, ಬಲ ತಿರುವು, ಹಿಮದ ಬೆಟ್ಟ, ಕೊನೆಗೆ ಒಂದು ಸುರಂಗ. ಸುರಂಗದ ಬಾಯಿಗೆ ಬರುತ್ತಲೇ ಪರದೆ ಕತ್ತಲಾಯಿತು. "ಪೆಟ್ರೋಲ್ ಮುಗೀತು ಅಂತ ಕಾಣುತ್ತೆ," ಎಂದರು ಅಪ್ಪ.

ನೀವು ಬುದ್ಧಿವಂತರು, ಕೇಳುತ್ತೀರಿ: ಯಾರೂ ಹಿಡಿಯದಾಗಲೂ ಕಾರು ಓಡುತ್ತಿತ್ತಲ್ಲ, ಅದು ತಿಳಿಯಲಿಲ್ಲವೇ ಎಂದು. ತಿಳಿದಿತ್ತು. ಅದಕ್ಕೆ ಅಪ್ಪನ ಬಳಿ ವಿವರಣೆ ಇತ್ತು. "ಗಿರಾಕಿ ಇಲ್ಲದಾಗ ಅದು ತಾನೇ ಓಡಿಸ್ಕೊಳುತ್ತೆ. ನಾವು ಹಿಡಿದ ತಕ್ಷಣ ನಮಗೆ ಬಿಟ್ಟುಕೊಡುತ್ತೆ. ಸಭ್ಯ ಯಂತ್ರ." ಕ್ಲಚ್ ಇಲ್ಲವಲ್ಲ? "ಫಾರಿನ್ ಗಾಡಿಗಳಿಗೆ ಕ್ಲಚ್ ಇರಲ್ಲ." ಮತ್ತೆ ದುಡ್ಡು? ಅದಕ್ಕೂ ಅಪ್ಪನ ತೀರ್ಮಾನ ಸಿದ್ಧವಿತ್ತು. ಗಲ್ಲಾದ ಪಕ್ಕ ಬಟ್ಟಲಿನಲ್ಲಿ ಸೋಂಪು ಇಟ್ಟಿರುತ್ತಾರಲ್ಲ, ಊಟ ಮಾಡಿದವರು ಒಂದು ಚಮಚ ಬಾಯಿಗೆ ಹಾಕಿಕೊಂಡು ಹೋಗಲಿ ಎಂದು, ಇದೂ ಹಾಗೆಯೇ. ಗಿರಾಕಿಗೆ ಹೋಟೆಲಿನ ಉಪಚಾರ. ಆದ್ದರಿಂದ ಬಿಲ್ ಕೊಡುವ ಮೊದಲು ಸ್ಟಿಯರಿಂಗ್ ಮುಟ್ಟುವುದು ಅಪ್ಪನ ದೃಷ್ಟಿಯಲ್ಲಿ ಅನ್ಯಾಯ. ಹಸಿವಿಲ್ಲದ ದಿನವೂ ನಾವು ಹಕ್ಕು ಸಂಪಾದಿಸುವುದಕ್ಕಾಗಿ ಒಂದೊಂದು ಇಡ್ಲಿ ತಿನ್ನುತ್ತಿದ್ದೆವು. ಎರಡು ಸುತ್ತು ಅಪ್ಪ, ಒಂದು ಸುತ್ತು ನಾನು. ಅದಕ್ಕಿಂತ ಹೆಚ್ಚು ಸೋಂಪು ತಿನ್ನುವುದು ಮರ್ಯಾದೆಯಲ್ಲ.

ರಸ್ತೆ ಪ್ರತಿಸಲವೂ ಅದೇ. ಕೆಲವೇ ವಾರಗಳಲ್ಲಿ ನಮಗೆ ಅದು ಬಾಯಿಪಾಠವಾಯಿತು. ತಿರುವು ಬರುವ ಅರೆಕ್ಷಣ ಮೊದಲೇ ಅಪ್ಪನ ಕೈ ತಿರುಗುತ್ತಿತ್ತು. "ನೋಡಿದ್ಯಾ, ಕೈ ಮರೆತಿಲ್ಲ," ಎನ್ನುತ್ತಿದ್ದರು. ನಾನೂ ಶಾಲೆಯಲ್ಲಿ ಕೊಚ್ಚಿಕೊಳ್ಳತೊಡಗಿದೆ: ನಾನು ಒಂದು ಸಲವೂ ಆಕ್ಸಿಡೆಂಟ್ ಮಾಡಿಲ್ಲ, ಹಿಮದ ಬೆಟ್ಟದವರೆಗೆ ಹೋಗುತ್ತೇನೆ, ನಮ್ಮಪ್ಪ ಅಂತೂ ಒಂದೇ ಕೈಯಲ್ಲಿ ಹೋಗುತ್ತಾರೆ.

ಹೀಗಿರುವಾಗ ನಮ್ಮ ರಘು ಮಾವ ಕಾರು ಕೊಂಡರು. ಅಮ್ಮನ ತಮ್ಮ, ಪುಣೆಯಲ್ಲಿ ಕೆಲಸ. ಒಂದು ಬಿಳಿ ಪುಟ್ಟ ಕಾರು. ಸಾಂತಾಕ್ರೂಜ್‌ನಲ್ಲಿದ್ದ ನಮ್ಮ ಅತ್ತೆಯ ಮನೆಯಲ್ಲಿ ಭಾನುವಾರ ಮೊಮ್ಮಗುವಿನ ನಾಮಕರಣ, ಅದಕ್ಕೆ ಮಾವ ಕಾರಿನಲ್ಲೇ ಬರುವುದೆಂದಾಯಿತು. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಎದುರು ಮನೆಯ ಧಾರವಾಡದ ದೇಸಾಯಿ ಕಾಕು ಮನೆಯಲ್ಲಿತ್ತು. ಅಲ್ಲಿಗೆ ಫೋನು ಮಾಡಿದ ಮಾವ, "ಭಾವಾ, ನಾನು ಚೆಂಬೂರ್‌ವರೆಗೆ ಹೇಗೋ ತಂದ್ಬಿಡ್ತೀನಿ. ಆಮೇಲೆ ಬಾಂಬೆ ಟ್ರಾಫಿಕ್ ನನ್ನ ಕೈಲಾಗಲ್ಲ. ನಿಮ್ಮ ಹತ್ರ ಲೈಸೆನ್ಸ್ ಇದೆಯಲ್ಲ, ನೀವೇ ಓಡಿಸ್ಬೇಕು," ಎಂದರು.

"ಅದಕ್ಕೇನಂತೆ, ಓಡಿಸೋಣ," ಎಂದರು ಅಪ್ಪ. ಒಂದೇ ಕೈಯಲ್ಲಿ ಹಿಮದ ಬೆಟ್ಟ ದಾಟಿದವರಿಗೆ ದಾರಿಯಲ್ಲಿ ಸಿಗುವ ಸಯನ್ ಸರ್ಕಲ್ ಯಾವ ಲೆಕ್ಕ?

ಪಕ್ಕದಲ್ಲೇ ನಿಂತಿದ್ದ ದೇಸಾಯಿ ಕಾಕು, "ಅಲ್ರೀ, ನೀವು ಗಾಡಿ ಹೊಡೀತೀರಿ ಅಂತ ನಮಗ ಗೊತ್ತೇ ಇರಲಿಲ್ಲ ನೋಡ್ರಿ! ಇಷ್ಟ್ ದಿನ ಸುಮ್ನ ಇದ್ರಲ್ಲ!" ಎಂದು ಬೆರಗುಪಟ್ಟರು. ಸಂಜೆಯೊಳಗೆ ಬಿಲ್ಡಿಂಗಿನ ನಾಲ್ಕು ಮಹಡಿಗೂ ಸುದ್ದಿ ಮುಟ್ಟಿತು. ಅಮ್ಮ ಮದುವೆಯ ಸೀರೆಯನ್ನು ಹೊರಗೆ ತೆಗೆದು ಗಾಳಿಗೆ ಹಾಕಿದರು. "ನಿಮ್ಮಪ್ಪನ ಪಕ್ಕದಲ್ಲಿ ಕಾರಲ್ಲಿ ಕೂತ್ಕೊಂಡು ಹೋಗ್ತೀನಿ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ," ಎಂದು ನನ್ನ ಬಳಿ ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಂಡರು.

ಅದೇ ವಾರದ ಬುಧವಾರ ನನ್ನ ಪ್ರಪಂಚ ಕುಸಿಯಿತು. ನನ್ನ ಜಂಬ ಕೇಳಿ ಕೇಳಿ ಬೇಸತ್ತಿದ್ದ ಸಂಜಯ ಶಾಲೆ ಬಿಟ್ಟ ಮೇಲೆ, "ಚಲ್, ದಿಖಾ," ಎಂದು ನನ್ನನ್ನು ಶೆಟ್ಟರ ಹೋಟೆಲಿಗೆ ಎಳೆದುಕೊಂಡು ಹೋದ. ನಾನು ಗಂಭೀರವಾಗಿ ಸ್ಟಿಯರಿಂಗ್ ಹಿಡಿದು ಸಮುದ್ರತೀರ ದಾಟಿ, ಹಿಮದ ಬೆಟ್ಟ ಹತ್ತಿ ಸುರಂಗಕ್ಕೆ ತಂದೆ. ಸಂಜಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಅರೇ ಯೇಡಾ, ಯೇ ತೋ ಡೆಮೋ ಹೈ! ಯೇ ತೂ ನಹೀ ಚಲಾ ರಹಾ!" ಎಂದ. ಇದು ಬರೀ ಡೆಮೋ, ಓಡಿಸುತ್ತಿರುವುದು ನೀನಲ್ಲ ಎಂದು.

ಅವನು ಸೋಡಾ ಕ್ರೇಟನ್ನು ಬದಿಗೆ ಸರಿಸಿ, ಬೋರ್ಡನ್ನು ಎತ್ತಿಟ್ಟು, ಕಿಂಡಿಗೆ ನಾಣ್ಯ ಹಾಕಿದ. ಪರದೆ ಬದಲಾಯಿತು. ಸಮುದ್ರವಿಲ್ಲ, ಕಿತ್ತಳೆಯ ಆಕಾಶವಿಲ್ಲ. ಬೂದಿ ಬಣ್ಣದ ರಸ್ತೆ, ಎರಡು ಕಡೆಗೂ ಮಣ್ಣು. ಡೆಮೋದವರು ಮುಂದಿನ ಮಜಲುಗಳ ಚೆಂದವನ್ನೆಲ್ಲ ಆಯ್ದು ಪೋಣಿಸಿ ತೋರಿಸಿದ್ದರು. ಆಡುವವನಿಗೆ ಮೊದಲು ಸಿಗುವುದು ಈ ಮಣ್ಣುದಾರಿ. ನಾನು ಸ್ಟಿಯರಿಂಗ್ ಹಿಡಿದೆ. ಅದು ಈಗ ನಿಜವಾಗಿಯೂ ನನ್ನ ಮಾತು ಕೇಳುತ್ತಿತ್ತು. ಅದೇ ತೊಂದರೆ. ಮೊದಲನೆಯ ತಿರುವಿನಲ್ಲಿ ಕಾರು ಹಾರಿ, ಮೂರು ಪಲ್ಟಿ ಹೊಡೆದು, ಬೆಂಕಿ ಹತ್ತಿ ಉರಿಯಿತು. ನಾನು ಇಂಗು ತಿಂದ ಮಂಗನಂತೆ ನಿಂತೆ.

ನನ್ನ ಮಾನ ಹೋದದ್ದು ಹೋಗಲಿ. ಮನೆಗೆ ನಡೆಯುತ್ತ ನನಗೆ ಹೊಳೆದದ್ದು ಇನ್ನೊಂದು: ಅಪ್ಪನೂ ಓಡಿಸಿಯೇ ಇಲ್ಲ. ಭಾನುವಾರ ಅಪ್ಪ, ಅಮ್ಮ, ಮಾವ, ನಾನು, ಎಲ್ಲರೂ ಆ ಬಿಳಿ ಕಾರಿನಲ್ಲಿ ಕೂರುತ್ತೇವೆ. ಮೊದಲ ತಿರುವು ಸ್ಟೇಷನ್ನಿನ ಬಳಿಯೇ ಬರುತ್ತದೆ. ಅಲ್ಲಿ ಬಸ್ಸುಗಳಿರುತ್ತವೆ.

ಹೇಳಿಬಿಡಬೇಕು ಎಂದುಕೊಂಡೆ. ಬುಧವಾರ ಹೇಳಲಿಲ್ಲ. ಗುರುವಾರ ಅಪ್ಪ ಊಟದ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ಅಮ್ಮನಿಗೆ ದಾರಿ ವಿವರಿಸುತ್ತಿದ್ದರು. ಅಮ್ಮ ಅನ್ನದ ಕೈಯಲ್ಲೇ ಕೇಳುತ್ತ ಕೂತಿದ್ದರು. ಹೇಗೆ ಹೇಳಲಿ? ಶುಕ್ರವಾರ ಹೊಟ್ಟೆನೋವೆಂದು ಮಲಗಿದೆ. ನಿಜವಾಗಿಯೂ ನೋಯುತ್ತಿತ್ತು.

ಶನಿವಾರ ಸಂಜೆ ಎಂದಿನಂತೆ ಇಡ್ಲಿ ತಿಂದು, ಬಿಲ್ ಕೊಟ್ಟು, ಅಪ್ಪ ಯಂತ್ರದ ಮುಂದೆ ನಿಂತರು. ನಾನು ಬಾಯಲ್ಲಿ ಹೇಳಲಾರದ್ದನ್ನು ಕೈಯಲ್ಲಿ ಮಾಡಿದೆ. ಕ್ರೇಟು ಸರಿಸಿದೆ. ಬೋರ್ಡು ತೆಗೆದೆ. ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದ ನಾಣ್ಯವನ್ನು ಕಿಂಡಿಗೆ ಹಾಕಿದೆ.

"ಇದೇನೋ ಹೊಸದು?" ಎಂದರು ಅಪ್ಪ. ಅಷ್ಟರಲ್ಲಿ ಬೂದಿ ಬಣ್ಣದ ರಸ್ತೆ ಬಂತು. ಅಪ್ಪ ಒಂದೇ ಕೈಯಲ್ಲಿ ಹಿಡಿದಿದ್ದರು. ಮೊದಲನೆಯ ತಿರುವಿಗೆ ಎರಡನೆಯ ಕೈಯನ್ನೂ ತಂದರು. ಕಾರು ಹಾರಿತು, ಪಲ್ಟಿ ಹೊಡೆಯಿತು, ಉರಿಯಿತು.

"ಸ್ಟಿಯರಿಂಗ್ ಸಡಿಲ ಆಗಿದೆ," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಯಂತ್ರ ಇನ್ನೆರಡು ಕಾರು ಕೊಟ್ಟಿತು. ಅವೂ ಅಲ್ಲೇ ಉರಿದವು. ಆಮೇಲೆ ಪರದೆ ಕತ್ತಲಾಗಿ, ಸಮುದ್ರ, ತಾಳೆಮರ, ಕಿತ್ತಳೆ ಆಕಾಶ ಮತ್ತೆ ಬಂದು, ಕೆಂಪು ಕಾರು ಯಾರ ಹಂಗೂ ಇಲ್ಲದೆ ಬಲಕ್ಕೆ ತಿರುಗಿತು. ಅಪ್ಪ ಈ ಸಲ ಸ್ಟಿಯರಿಂಗ್ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ನೋಡಿದರು. ಅದು ಹಿಮದ ಬೆಟ್ಟ ದಾಟಿತು. ಸುರಂಗ ಸೇರಿತು. ಕೆಳಗೆ ಬೋರ್ಡಿಲ್ಲದ ಜಾಗದಲ್ಲಿ ಅಕ್ಷರಗಳು ಮಿಣುಕುತ್ತಿದ್ದವು.

"ಹಾಗಾದ್ರೆ," ಎಂದರು ಅಪ್ಪ, "ಇಷ್ಟು ದಿನ ಅಷ್ಟು ಚೆನ್ನಾಗಿ ಓಡಿಸ್ತಿದ್ದೋರು ಯಾರೋ?"

ನನಗೆ ಅಳು ಬಂತು. ಗಲ್ಲಾದಿಂದ ಶೆಟ್ಟರು ಎದ್ದು ಬಂದರು. "ಎಂತ ರಾಯ್ರೇ, ಇವತ್ತು ಪೈಸೆ ಹಾಕಿದ್ದಾ? ನೀವು ಸುಮ್ನೆ ಹಿಡ್ಕೊಂಡು ನಿಲ್ಲುದು ಖುಷಿಗೆ ಅಂತ ನಾನು ಗ್ರಹಿಸಿದ್ದು. ಅಷ್ಟು ಖುಷಿಯಲ್ಲಿದ್ದವರಿಗೆ ಎಂತಕ್ಕೆ ಹೇಳುದು ಮಾರಾಯ್ರೆ, ಅದಕ್ಕೇ ಹೇಳ್ಲಿಲ್ಲ."

ಅಪ್ಪ ನಕ್ಕರು. ಅದು ನಗೆಯಲ್ಲ ಎಂದು ನನಗೆ ಗೊತ್ತಾಯಿತು. ಮನೆಯವರೆಗೂ ನನ್ನ ಕೈ ಹಿಡಿದು ನಡೆದರು. ಮೆಟ್ಟಿಲ ಬಳಿ ನನ್ನ ತಲೆಯ ಮೇಲೆ ಕೈಯಿಟ್ಟು, "ಅಮ್ಮಂಗೆ ನೀನೇನೂ ಹೇಳ್ಬೇಡ," ಎಂದರು. ಮನೆಯಲ್ಲಿ ರಘು ಮಾವ ಆಗಲೇ ಬಂದು ಕೂತಿದ್ದರು. ಕಾರು ಕೆಳಗೆ ನಿಂತಿತ್ತು, ಬಿಲ್ಡಿಂಗಿನ ಮಕ್ಕಳು ಅದರ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುತ್ತಿದ್ದರು.

ಭಾನುವಾರ ಬೆಳಗ್ಗೆ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು, ಲೈಸೆನ್ಸನ್ನು ಜೇಬಿಗಿಟ್ಟುಕೊಂಡರು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಕೆಳಗಿಳಿದು ಚಾಲಕನ ಸೀಟಿನಲ್ಲಿ ಕೂತೇಬಿಟ್ಟರು. ಪಕ್ಕದಲ್ಲಿ ಮದುವೆಯ ಸೀರೆಯ ಅಮ್ಮ. ಹಿಂದೆ ಮಾವ ಮತ್ತು ನಾನು. ಬಾಲ್ಕನಿಗಳ ತುಂಬ ಜನ. ನನಗೆ ಬರುತ್ತಿದ್ದ ಒಂದೇ ಸ್ತೋತ್ರವನ್ನು ಕಣ್ಣು ಮುಚ್ಚಿ ಶುರುಮಾಡಿದೆ. ಅದರ ಎರಡನೆಯ ಸಾಲು ಮರೆತುಹೋಯಿತು.

ಕಾರು ಒಮ್ಮೆ ಕೆಮ್ಮಿ ನಿಂತಿತು. ಕ್ಲಚ್ಚು. ಅಪ್ಪ ಮತ್ತೆ ಕೀಲಿ ತಿರುಗಿಸಿದರು. ಈ ಸಲ ಅದು ಮುಗ್ಗರಿಸಿ, ಸಾವರಿಸಿಕೊಂಡು, ಹೊರಟಿತು. ಮೊದಲ ಗೇರಿನಲ್ಲಿ, ಎತ್ತಿನಗಾಡಿಯೂ ಹಿಂದೆ ಹಾಕುವಷ್ಟು ನಿಧಾನವಾಗಿ, ಗೇಟು ದಾಟಿತು. ಅಪ್ಪ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದರು, ಕತ್ತಿನ ಮೇಲೆ ಬೆವರು. ಅಮ್ಮ ಕಿಟಕಿಯಿಂದ ದೇಸಾಯಿ ಕಾಕುವಿಗೆ ಕೈಬೀಸಿದರು. ಒಂದು ನಾಯಿ ನಮ್ಮ ಜೊತೆಗೇ ನಡೆದು ಬಂತು. ಬಿಲ್ಡಿಂಗಿನ ಗೋಡೆ ಮುಗಿಯಿತು, ಬೇವಿನ ಮರ ಬಂತು, ಹಾಲಿನ ಬೂತು ಬಂತು. ಅಲ್ಲಿ ಅಪ್ಪ ಕಾರನ್ನು ರಸ್ತೆಯ ಅಂಚಿಗೆ ತಂದು, ಗೆರೆ ಎಳೆದಷ್ಟು ನೇರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಹಿಂದೆ ಚಾಚಿದರು.

"ತಗೋ ರಘು. ಡೆಮೋ ಮುಗೀತು. ನಡೀರಿ ಎಲ್ರೂ, ಸ್ಟೇಷನ್‌ಗೆ."

ಮಾವ ಕಕ್ಕಾಬಿಕ್ಕಿಯಾದರು. ಅಮ್ಮ ಏನೂ ಆಗದವರಂತೆ ಸೆರಗು ಸರಿಮಾಡಿಕೊಂಡು ಇಳಿದರು. ನನಗೆ ಎಷ್ಟು ಹಗುರವಾಯಿತೆಂದರೆ ಆ ನಾಯಿಯನ್ನು ತಬ್ಬಿಕೊಳ್ಳಬೇಕೆನಿಸಿತು.

ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನಿಂದ ಸಾಂತಾಕ್ರೂಜ್. ಆವತ್ತು ನಾನು ಅಪ್ಪನನ್ನು ಲೋಕಲ್ಲಿನಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಯಾವ ಡಬ್ಬಿ ಹತ್ತಿದರೆ ದಾದರಿನ ಮೆಟ್ಟಿಲ ಎದುರಿಗೇ ನಿಲ್ಲುತ್ತದೆ, ಯಾವ ಬದಿಯ ಬಾಗಿಲಿಗೆ ಪ್ಲಾಟ್‌ಫಾರ್ಮ್ ಬರುತ್ತದೆ, ಜನ ನುಗ್ಗುವ ಎಷ್ಟು ಮೊದಲು ಸೀಟಿನಿಂದ ಏಳಬೇಕು, ಎಲ್ಲ ಅವರಿಗೆ ಅಂಗೈಯಲ್ಲಿತ್ತು. ಮಾವ ಎರಡು ಸಲ ತಪ್ಪು ಕಡೆಗೆ ಹೊರಟರು, ಅಪ್ಪ ಎರಡು ಸಲವೂ ಅವರ ತೋಳು ಹಿಡಿದು ತಿರುಗಿಸಿದರು. ಆ ರೇಷ್ಮೆ ಸೀರೆಗೆ ಒಂದು ಸುಕ್ಕು ಬೀಳದ ಹಾಗೆ ಅಮ್ಮನನ್ನು ಅತ್ತೆಯ ಮನೆಯ ಬಾಗಿಲಿಗೆ ಮುಟ್ಟಿಸಿದರು. ಈ ಆಟವನ್ನು ಅಪ್ಪ ಇಪ್ಪತ್ತು ವರ್ಷದಿಂದ ದಿನವೂ ನಿಜವಾಗಿ ಆಡುತ್ತಿದ್ದರು. ಇದಕ್ಕೆ ಯಾರೂ ಡೆಮೋ ತೋರಿಸಿರಲಿಲ್ಲ.

ಇಷ್ಟನ್ನೂ ನಾನು ಮೈತ್ರಿಗೆ ಮೊನ್ನೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಎರಡು ಸಲ ಸಾರನ್ನ ಬಡಿಸಿಕೊಂಡಿದ್ದಳು. "ಪಾಪ ತಾತಾ," ಎಂದಳು. "ಅಜ್ಜಿಗೆ ಲಾಸ್ಟ್ ಮಿನಿಟ್‌ನಲ್ಲಿ ಗೊತ್ತಾಯ್ತು ನಾ? ಕಿತನಾ ಬ್ಯಾ‌ಡ್ ಫೀಲ್ ಆಗಿರ್ಬೇಕು."

"ನಂಗೆ ಹಿಂದಿನ ದಿನವೇ ಗೊತ್ತಿತ್ತು," ಎಂದರು ಅಮ್ಮ, ಮಜ್ಜಿಗೆ ಬಡಿಸುತ್ತ.

ನಾನು ತಟ್ಟೆಯಿಂದ ತಲೆ ಎತ್ತಿದೆ.

"ಶನಿವಾರ ಬಂದವರೇ ಎಲ್ಲ ಹೇಳಿದ್ರು. ಯಂತ್ರ, ಇಡ್ಲಿ, ನೀನು ಅತ್ತಿದ್ದು, ಎಲ್ಲ. 'ನಾನು ಓಡಿಸೋನೇ ಅಲ್ಲ ಕಣೇ, ನಾಳೆ ಓಡಿಸಲ್ಲ ಅಂತ ರಘುಗೆ ಹೇಳ್ಬಿಡ್ತೀನಿ' ಅಂದ್ರು. ನಾನು ಬೇಡ ಅಂದೆ. ನಿಮಗೆ ಎಷ್ಟು ದೂರ ಓಡಿಸ್ಬಹುದು ಅನ್ಸುತ್ತೆ ಹೇಳಿ ಅಂತ ಕೇಳ್ದೆ. ತುಂಬಾ ಹೊತ್ತು ಲೆಕ್ಕ ಹಾಕಿ, ಹಾಲಿನ ಬೂತಿನವರೆಗೆ ಅಂದ್ರು. ಅಷ್ಟೇ ಓಡಿಸಿ, ಸಾಕು ಅಂದೆ. ನನಗೆ ಅಷ್ಟೇ ಬೇಕಾಗಿದ್ದು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಹೇಳ್ಬೇಡ ಅಂದಿದ್ರು. 'ಮಗು ಎಷ್ಟು ಕಷ್ಟಪಟ್ಟು ಗುಟ್ಟು ಕಾಪಾಡ್ಕೊಂಡಿದೆ, ಕಾಪಾಡ್ಲಿ' ಅಂತ."

ಅಮ್ಮ ಕೈ ತೊಳೆದು ಒಳಗೆ ಹೋಗಿ, ದೇವರನಾಮದ ಹಳೆಯ ಪುಸ್ತಕ ತಂದು ನನ್ನ ಮುಂದಿಟ್ಟರು. ಅದರ ನಡುವೆ ನಾಲ್ಕು ಮಡಿಕೆಯ ಒಂದು ಟ್ರೇಸಿಂಗ್ ಪೇಪರು. ಹಳದಿಯಾಗಿದೆ, ಮಡಿಕೆಗಳಲ್ಲಿ ಬಿರಿದಿದೆ. ಬಿಡಿಸಿದೆ. ಅಪ್ಪನ ಕೈ. ಚೆಂಬೂರಿನಿಂದ ಸಾಂತಾಕ್ರೂಜ್‌ವರೆಗೆ, ಪುಟದ ಈ ತುದಿಯಿಂದ ಆ ತುದಿಗೆ, ಅಚ್ಚುಕಟ್ಟಾದ ಚುಕ್ಕಿಗೆರೆ. ಅದರ ಮೊದಲಲ್ಲಿ, ನಮ್ಮ ಬಿಲ್ಡಿಂಗಿನ ಗೇಟಿನಿಂದ ಹಾಲಿನ ಬೂತಿನವರೆಗೆ, ಬೆರಳ ಉಗುರಿನಷ್ಟು ತುಂಬುಗೆರೆ. ಪಕ್ಕದಲ್ಲಿ ಬೇವಿನ ಮರ, ಒಂದು ಪುಟಾಣಿ ನಾಯಿ. ಕೆಳಗೆ ಮೂಲೆಯಲ್ಲಿ ಚೌಕಟ್ಟು. 'ಬರೆದವರು' ಎಂಬಲ್ಲಿ ಅಪ್ಪನ ಪುಟ್ಟ ಸಹಿ.

'ಪರಿಶೀಲಿಸಿದವರು' ಎಂಬಲ್ಲಿ, ಖಾನೆ ಸಾಲದೆ ಹೊರಗೆ ಚಾಚಿಕೊಂಡು, ಅಮ್ಮನ ದುಂಡು ಕನ್ನಡದ ಪೂರ್ತಿ ಹೆಸರು.